ಊಹೆ ಎಂದು ಒಪ್ಪಿಕೊಂಡ ಯಂತ್ರ

ಶ್ವಾಸಕೋಶದಲ್ಲಿ ಕ್ಯಾನ್ಸರ್ ಗಡ್ಡೆಯಿದೆಯೆಂದು ತಿಳಿದಂದಿನಿಂದ ಎಲ್ಲರೂ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ಎಷ್ಟು ವರ್ಷ ಸೇದಿದಿರಿ? ಬೀಡಿಯನ್ನು ತುಟಿಗೆ ಸೋಕಿಸಿದವನಲ್ಲ ನಾನು. ಮೊಳಕಾಲ್ಮುರಿನಲ್ಲಿ ಮೇಷ್ಟ್ರಾಗಿದ್ದಾಗ, ಶಾಲೆಯ ಹಿಂದೆ ಕದ್ದು ಸೇದುತ್ತಿದ್ದ ಹುಡುಗರ ಕಿವಿ ಹಿಂಡಿದವನು. ಅವರಲ್ಲೊಬ್ಬ ಈಗ ರಾಂಪುರದಲ್ಲಿ ಚಹಾದಂಗಡಿ ಇಟ್ಟಿದ್ದಾನೆ. ಬಸ್ಸಿಗೆ ಕಾಯುತ್ತಿದ್ದ ನನ್ನ ಬೆನ್ನ ಹಿಂದೆ, ಕೇಳಿಸಲೆಂದೇ, ಗೆಳೆಯನಿಗೆ ಹೇಳಿದ:

“ನಮ್ ಬೀಡಿ ಕಸ್ಕಂಡು ಮೇಷ್ಟ್ರು ಏನ್ ಮಾಡ್ತಿದ್ರು ಅಂತ ಈಗ ಗೊತ್ತಾತು ನೋಡ್ಲೇ!”

“ಅದಕ್ಕೇ ಬೆಂಕಿಪೊಟ್ಣಾನೂ ವಾಪಸ್ ಕೊಡ್ತಿರ್ಲಿಲ್ಲ ಕಣ್ಲೇ!”

ಅದನ್ನು ಸಹಿಸಬಹುದಿತ್ತು. ಒಡಹುಟ್ಟಿದ ತಮ್ಮನೂ ದನಿ ತಗ್ಗಿಸಿ, “ನನ್ ಮುಂದೆ ಏನ್ ಮುಚ್ಚಿಡ್ತೀಯಣ್ಣ?” ಎಂದದ್ದನ್ನು ಸಹಿಸಲಾರೆ. ಅಂದಿನಿಂದ ಆಸ್ಪತ್ರೆಗೆ ಒಬ್ಬನೇ ಹೋಗತೊಡಗಿದೆ.

ಚಳ್ಳಕೆರೆಗೆ ವಾರಕ್ಕೊಮ್ಮೆ ಬರುವ ಯುವ ವೈದ್ಯೆ ನನ್ನ ಸಂಗತಿಯನ್ನು ಬಿಡಿಸಿ ಹೇಳಿದರು. ಗಡ್ಡೆಯ ಜೀವಕೋಶಗಳಲ್ಲಿ ಒಂದು ಬಗೆಯ ಜೀನ್ ಬದಲಾವಣೆಯ ಗುರುತಿದ್ದರೆ ಮಾತ್ರೆಯಿಂದಲೇ ಅದನ್ನು ಹಿಡಿತದಲ್ಲಿಡಬಹುದು. ಇಲ್ಲವಾದರೆ ನರಕ್ಕೆ ಮದ್ದು ಏರಿಸಬೇಕು. ಅದನ್ನು ನನ್ನ ದೇಹ ತಾಳುವುದು ಕಷ್ಟ. ಮೊದಲ ಸಲ ಸೂಜಿ ಚುಚ್ಚಿ ತೆಗೆದ ಚೂರು ಪರೀಕ್ಷೆಗೆ ಸಾಲದೆ ಹೋಗಿತ್ತು; ಎದೆಯೊಳಗೆ ಗಾಳಿ ಸೇರಿ ನಾನು ಹಾಸಿಗೆ ಹಿಡಿದಿದ್ದೆ. ಇನ್ನೊಮ್ಮೆ ಚುಚ್ಚಿಸಿಕೊಳ್ಳಲು ಧೈರ್ಯವಿರಲಿಲ್ಲ.

ಅವರು ನನ್ನ ಸ್ಕ್ಯಾನ್ ಚಿತ್ರಗಳನ್ನು ತಮ್ಮ ಸಂಶೋಧನೆಯ ಕಂಪ್ಯೂಟರಿಗೆ ಕೊಟ್ಟಿದ್ದರು. ಗುರುತು ಮೊದಲೇ ತಿಳಿದಿರುವ ಅನೇಕ ರೋಗಿಗಳ ಚಿತ್ರಗಳನ್ನು ಅದಕ್ಕೆ ತೋರಿಸಿ ಕಲಿಸಲಾಗಿದೆಯಂತೆ. ಗಡ್ಡೆಯ ಅಂಚು, ಒಳಗಿನ ಬೂದುಬಣ್ಣದ ಏರಿಳಿತ, ಇವನ್ನು ಅದು ಹೋಲಿಸಿ ನೋಡುತ್ತದೆ.

“ಗುರುತು ಇರಬಹುದು ಅಂತ ಹೇಳ್ತಿದೆ ಸರ್. ಬೀಡಿ, ಸಿಗರೇಟು ಮುಟ್ಟದವರಲ್ಲೇ ಇದು ಹೆಚ್ಚು. ಆದ್ರೆ ಇದು ಬರೀ ಊಹೆ, ಸಾಕ್ಷಿ ಅಲ್ಲ, ಚೂರು ತೆಗೆದು ಪರೀಕ್ಷೆ ಮಾಡಿ ಅಂತಾನೂ ಅದೇ ಹೇಳ್ತಿದೆ. ಇದನ್ನ ನಂಬಿ ಮಾತ್ರೆ ಬರೆಯೋಕಾಗಲ್ಲ.”

ನನ್ನನ್ನು ಬಲ್ಲವರು ಊಹೆಯ ಮೇಲೆಯೇ ತೀರ್ಪು ಕೊಟ್ಟು ಕೈತೊಳೆದುಕೊಂಡಿದ್ದರು. ನನ್ನ ಮುಖವನ್ನೇ ಕಾಣದ ಯಂತ್ರವೊಂದು ತನ್ನ ಊಹೆಯನ್ನು ಊಹೆಯೆಂದೇ ಹೇಳಿ, ಸಾಕ್ಷಿ ಕೇಳುತ್ತಿತ್ತು. ಇನ್ನೊಮ್ಮೆ ಸೂಜಿಗೆ ಒಪ್ಪಿದೆ.

ಈ ಸಲ ಚೂರು ಸಾಕಾಯಿತು. ಗುರುತು ಇತ್ತು. ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು, ಯಾರಿಗಾದರೂ ಹೇಳಲೇಬೇಕೆನಿಸಿ ತಮ್ಮನಿಗೆ ಫೋನು ಮಾಡಿದೆ.

“ಪಾಸಿಟಿವ್ ಬಂತಪ್ಪ!”

“ಅಯ್ಯೋ! ಕೊರೋನಾನೂ ಬಂತೇನಣ್ಣ? ಈ ಕಡೆ ಬರಬ್ಯಾಡ, ಮನ್ಯಾಗೆ ಸಣ್ಣ ಮಕ್ಕಳದಾವೆ!”

ಈ ಪಾಸಿಟಿವ್ ಒಳ್ಳೆಯದು, ನಾನು ಸೇದಿದವನಲ್ಲ ಎಂಬ ಮಾತಿಗೂ ಇದರಿಂದ ಬಲ ಬಂತು ಎಂದು ವಿವರಿಸುವಷ್ಟರಲ್ಲಿ ಅವನು ಫೋನಿಟ್ಟಿದ್ದ. ನಾನಾಗಿ ಮತ್ತೆ ಮಾಡಲಿಲ್ಲ. ಅವನೂ ಮಾಡಿಲ್ಲ.

ಮಾತ್ರೆ ಹಿಡಿಸಿದೆ. ಕೆಮ್ಮು ಇಳಿದಿದೆ. ಇಳಿಯಿತೇ ಎಂದು ಕೇಳುವವರಿಲ್ಲದ್ದರಿಂದ ಇಲ್ಲಿ ಬರೆದಿದ್ದೇನೆ.