ಕಾಲೆತ್ತುವ ಪರೀಕ್ಷೆ

ಆರನೇ ಕ್ಲಾಸಿಗೇ ಸಾಲೆ ಬಿಟ್ಟವನು ನಾನು. ಆಮೇಲೆ ಕೊಟ್ಟ ಪರೀಕ್ಷೆ ಒಂದೇ ಒಂದು, ಅದನ್ನೂ ಮಲಗಿಕೊಂಡು ಕೊಟ್ಟೆ, ಬಳ್ಳಾರಿಯ ಗಾಂಧಿನಗರದ ಒಂದು ಆಸ್ಪತ್ರೆಯಲ್ಲಿ. ಸೊಂಟದಲ್ಲಿ ಹುಟ್ಟಿದ ನೋವು ಎಡಗಾಲಿಗೆ ಇಳಿದು ಮನೆ ಮಾಡಿತ್ತು. ಪಾಸಾದರೆ ಸಿರುಗುಪ್ಪದ ಅಕ್ಕಿ ಮಿಲ್ಲಿನಲ್ಲಿ ಮತ್ತೆ ಭತ್ತದ ಚೀಲ ಹೊರಬಹುದು. ಫೇಲಾದರೆ ಅಲ್ಲೇ ಕಸ ಗುಡಿಸಬೇಕು ಎಂದು ಮೇಸ್ತ್ರಿ ಹೇಳಿಬಿಟ್ಟಿದ್ದ.

ಡಾಕ್ಟರ್ ಕಡ್ಡಿಯಂಥ ಮನುಷ್ಯ. ಕೈಯಲ್ಲಿ ರಬ್ಬರಿನ ಸುತ್ತಿಗೆ. ಅದರಿಂದ ಮೊಳೆ ಹೊಡೆಯಲಾಗದು, ಬೆಲ್ಲ ಒಡೆಯಲಾಗದು. ಮೊಣಕಾಲಿಗೆ ಟಕ್ಕೆಂದು ಬಡಿದು, ಕಾಲು ಜಿಗಿದದ್ದನ್ನು ಏನೋ ಸಾಧಿಸಿದವನಂತೆ ನೋಡಿದ. ಪಾದಕ್ಕೆ ಪಿನ್ನು ಚುಚ್ಚಿ, “ಚುಚ್ಚಿದಂಗಾತೇನ್ರಿ?” ಎಂದ. ಚುಚ್ಚಿದವನಿಗೇ ಗೊತ್ತಿಲ್ಲವೆಂದರೆ ಇಷ್ಟು ವರ್ಷ ಓದಿದ್ದೇನು, ನೀವೇ ಹೇಳಿ.

ಕೊನೆಗೆ ಅಂಗಾತ ಮಲಗಿಸಿ, ಮಂಡಿ ಮಡಚದಂತೆ ಎಡಗಾಲು ಎತ್ತತೊಡಗಿದ. “ನೋವಾದ ಕೂಡ್ಲೇ ಹೇಳ್ರಿ.”

ಪಾಪ, ಹಮಾಲರ ರಿವಾಜು ಆತನಿಗೆಲ್ಲಿ ಗೊತ್ತು. ಬೆನ್ನ ಮೇಲೆ ಚೀಲವಿರುವಾಗ ನೋವೆಂದು ಬಾಯಿಬಿಟ್ಟವನಿಗೆ ಮರುದಿನ ಯಾರೂ ಚೀಲ ಏರಿಸುವುದಿಲ್ಲ. ನಾನು ಹಲ್ಲು ಕಚ್ಚಿ ಫ್ಯಾನು ನೋಡಿದೆ. ಕಾಲೊಳಗೆ ಕಾದ ತಂತಿ ಎಳೆದಂತಾಯಿತು.

“ಏನೂ ಇಲ್ಲ. ಇನ್ನೂ ಎತ್ರಿ.”

ಪಕ್ಕದ ಕುರ್ಚಿಯಲ್ಲಿ ನನ್ನ ಹೆಂಡತಿ ಗಂಗಮ್ಮ. ಕುರುಗೋಡಿನವಳು, ಸುಮ್ಮನಿರುವುದು ಅವರ ಮನೆತನದಲ್ಲೇ ಇಲ್ಲ.

“ಸುಳ್ಳು ಹೇಳ್ತಾನ್ರಿ ಈಯಪ್ಪ. ಬಸ್‌ಸ್ಟ್ಯಾಂಡಿನ್ಯಾಗ ಕಾಲಾಗಿನ ಚಪ್ಲಿ ಕಳಚಿ ಬಿದ್ರೂ ಗೊತ್ತಾಗ್ಲಿಲ್ಲ. ನಾ ಎತ್ಕೊಂಡು ಬಂದೀನಿ.”

“ಸುಮ್ನಿರಲೇ.”

“ಸುಮ್ನಿದ್ದದ್ಕೇ ಇಲ್ಲಿತನ ಬಂತು.”

ಡಾಕ್ಟರ್ ನನ್ನ ಕಾಲ ಹೆಬ್ಬೆರಳ ಮೇಲೆ ತನ್ನ ಒಂದು ಬೆರಳಿಟ್ಟ. “ಮ್ಯಾಲೆತ್ತಿ ಹಿಡೀರಿ. ಒತ್ತಿದ್ರೂ ಬಿಡಬ್ಯಾಡ್ರಿ.”

ಚೀಲ ಹೊತ್ತು ಲಾರಿಯ ಹಲಗೆ ಏರುವವನಿಗೆ ಬೆರಳಿನ ಸವಾಲು! ಬಲಗಾಲಿನದು ಗೂಟದಂತೆ ನಿಂತಿತು. ಎಡಗಾಲಿನದು ಆ ಕಡ್ಡಿ ಬೆರಳು ತಾಗಿದ್ದೇ ತಡ, ಮಲಗಿತು. ಇನ್ನೊಮ್ಮೆ ಅಂದೆ. ಇನ್ನೊಮ್ಮೆಯೂ ಮಲಗಿತು. ಅದರಲ್ಲಿ ನೋವೇ ಇರಲಿಲ್ಲ. ನುಂಗಿಕೊಳ್ಳಲು ಏನೂ ಇಲ್ಲದ ಕಡೆ ನನ್ನ ಗಟ್ಟಿತನ ಏನು ಮಾಡೀತು?

“ಚೀಲ ಹೊರೋದು ಬಂದ್ ಮಾಡ್ರಿ. ಇನ್ನ ಹೊತ್ರ ಪಾದ ಪೂರಾ ಜೋತು ಬೀಳ್ತೈತಿ,” ಎಂದವನು ಮತ್ತೆ ಕಾಲು ಹಿಡಿದ. “ಈಗ ಖರೇ ಹೇಳ್ರಿ. ಎಷ್ಟು ಎತ್ತಿದ್ರ ನೋಯ್ತೈತಿ?”

ಒಂದು ಗೇಣೂ ಎತ್ತಿರಲಿಲ್ಲ. “ಇಲ್ಲೇ,” ಅಂದೆ.

ಗಂಗಮ್ಮ ಎದ್ದು ಬಂದು ತಲೆಯ ಹತ್ತಿರ ನಿಂತಳು. ಮದುವೆಯಾದ ಮೇಲೆ ನನ್ನ ಬಾಯಿಂದ ನೋವಿನ ಮಾತು ಅವಳು ಕೇಳಿದ್ದು ಅದೇ ಮೊದಲು.

ಡಾಕ್ಟರ್ ಕಾಲನ್ನು ಕೆಳಗಿಳಿಸಿದ, ಕುಕ್ಕದೆ, ನಿಧಾನಕ್ಕೆ. ಭಾರ ಎತ್ತುವುದು ಯಾವ ಮೂರ್ಖನಿಗೂ ಬರುತ್ತದೆ. ಇಳಿಸಲು ಕೈ ಪಳಗಿರಬೇಕು. ಆ ಮಟ್ಟಿಗೆ ಮನುಷ್ಯ ಪರವಾಗಿಲ್ಲ.