ನೆಟ್ಟಿ ಮುಗಿದ ಮೇಲೆ

ನನ್ನ ಮಗಳಿಗೆ ಎಣ್ಣೆ ಹಚ್ಚಿ ನೀರು ಹಾಕಲು ಗಂಗಮ್ಮ ಬರುತ್ತಿದ್ದಳು. ಶೆಟಗೇರಿಯಿಂದ ಬೆಳಗಿನ ಬಸ್ಸಿಗೆ ಕಾರವಾರಕ್ಕೆ ಬಂದು, ಪೇಟೆಯಲ್ಲಿ ಹರಿವೆ, ಬಸಳೆ ಮಾರಿ ಮುಗಿಸಿ, ಕೋಡಿಬಾಗದ ನಮ್ಮ ಮನೆಯ ಜಗಲಿಯಲ್ಲಿ ಖಾಲಿ ಬುಟ್ಟಿ ಬೋರಲು ಹಾಕಿ ನೇರ ಬಚ್ಚಲಿಗೆ ಹೋಗುವಳು. ನಮ್ಮ ಅತ್ತೆ ಸುಗಂಧಾ ಅವರ ತವರು ಅದೇ ಕಡೆ. ಗಂಗಮ್ಮನನ್ನು ಗೊತ್ತು ಮಾಡಿದವರು ಅವರೇ.

ನಾನು ಹುಬ್ಬಳ್ಳಿಯಲ್ಲಿ ಓದಿ ಬೆಳೆದವಳು. ಮಗು ಸೀನಿದರೆ ಫೋನಿನಲ್ಲಿ ಹುಡುಕುವವಳು, ಬಿಕ್ಕಳಿಸಿದರೆ ಡಾಕ್ಟರಿಗೆ ಮೆಸೇಜು ಹಾಕುವವಳು. ಬಚ್ಚಲ ಬಾಗಿಲಲ್ಲಿ ನಿಂತು ಒಂದೊಂದು ತಂಬಿಗೆಗೂ ಉಸಿರು ಹಿಡಿಯುತ್ತಿದ್ದೆ.

"ಬಾಯಿ, ನೀವು ಆಚೆ ಕೂತ್ಕಣಿ. ಕೂಸು ನೀರಿಗೆ ಹೆದ್ರೂದಿಲ್ಲ, ನಿಮ್ಮ ಮುಖ ನೋಡಿ ಹೆದರ್ತದೆ," ಎನ್ನುವಳು ಗಂಗಮ್ಮ.

"ಹೇಳು, ಹೇಳು. ನಾ ಹೇಳಿರೆ ಸಿಟ್ಟು ಬರ್ತದೆ ಅವಳಿಗೆ," ಎಂದು ಅತ್ತೆ ಒಳಗಿನಿಂದ ಸೇರಿಸುವರು.

ಒಂದು ದಿನ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ನೀವುತ್ತಿದ್ದವಳು, "ನಮ್ಮ ಸೋಮುನೂ ಹಿಂಗೇ ತೊಡೆ ಮಡಚಿರೆ ನಗ್ತಿದ್ದ," ಎಂದಳು. ಎಷ್ಟು ವರ್ಷ ಈಗ ಅವನಿಗೆ ಎಂದು ಕೇಳಿದೆ. "ಇದ್ದಿದ್ರೆ ಸಾಲಿಗೆ ಹೋಗ್ತಿದ್ದ," ಎಂದು ಮಗುವಿನ ಇನ್ನೊಂದು ಕಾಲನ್ನು ಹಿಡಿದಳು.

ಗಂಗಮ್ಮನಿಗೆ ಮೊದಲು ಹೆಣ್ಣು, ಯೋಗಿತಾ. ಆಮೇಲೆ ಸೋಮು. ಎರಡಾದ ಮೇಲೆ ಆಪರೇಶನ್ ಎಂಬುದು ಅವರ ಕೇರಿಯಲ್ಲಿ ಚರ್ಚೆಯ ಮಾತೇ ಅಲ್ಲ. ಅದಕ್ಕೆ ಕಾಯ್ದೆ ಇಲ್ಲ, ಬಲವಂತ ಮಾಡಿದವರೂ ಇಲ್ಲ. ಆದರೆ ಎರಡನೆಯ ಬಸಿರಿಗೆ ಕಾರ್ಡು ಮಾಡಿಸಲು ಹೋದಾಗಲೇ ಸಿಸ್ಟರು "ಇದಾದ ಮೇಲೆ ಮಾಡಿಸ್ಕೊಳ್ತೀಯಲ್ಲ?" ಎಂದು ಕೇಳಿದ್ದರು. ಗೋಡೆಯ ಮೇಲಿನ ಚಿತ್ರದಲ್ಲಿ ಅಪ್ಪ, ಅಮ್ಮ, ಎರಡು ಮಕ್ಕಳು ನಗುತ್ತಿದ್ದರು. ಮೂರನೆಯದನ್ನು ಹೊತ್ತು ಸರದಿಯಲ್ಲಿ ನಿಂತ ಹೆಂಗಸನ್ನು ಸುತ್ತಲಿನವರು ನೋಡುವ ನೋಟವೇ ಬೇರೆ. ಸಿಸ್ಟರಿಗೂ ವರ್ಷಕ್ಕೆ ಇಷ್ಟು ಹೆಂಗಸರು ಎಂದು ಮೇಲಿನಿಂದ ಹೇಳಿರುತ್ತಾರೆ; ಮಾರ್ಚ್ ಬಂದರೆ ಅವರು ಮನೆ ಮನೆ ಹತ್ತುತ್ತಾರೆ.

ಆ ಮಾರ್ಚಿನಲ್ಲಿ ಸೋಮು ಇನ್ನೂ ಮೊಣಕಾಲಲ್ಲಿ ಹರಿದಾಡುತ್ತಿದ್ದ. ಮಗು ಸಣ್ಣದು, ಇನ್ನು ಮೂರು ನಾಲ್ಕು ತಿಂಗಳು ಬಿಟ್ಟು ಮಾಡಿಸಿದರೂ ನಡೆದೀತು ಎಂದು ಸಿಸ್ಟರೇ ಒಮ್ಮೆ ಅಂದರಂತೆ. ಹಾಗೆ ಕಾಯಲು ಬಿಡದ್ದು ಗದ್ದೆ. ಆಪರೇಶನ್ ಆದವಳು ಮೂರು ತಿಂಗಳು ಭಾರ ಎತ್ತಬಾರದು, ಬಗ್ಗಬಾರದು ಎಂಬುದು ಅಲ್ಲಿಯ ಹೆಂಗಸರ ನಂಬಿಕೆ. ಜೂನಿನಲ್ಲಿ ಮಳೆ ಹಿಡಿದರೆ ನೆಟ್ಟಿ. ಸಸಿ ಕಿತ್ತು ನೆಡಲು ಸೊಸೆಯ ಕೈ ಬೇಕೇ ಬೇಕು. ಅದಕ್ಕೇ ಆ ಕೇರಿಯಲ್ಲಿ ಆಪರೇಶನ್ನಿನ ದಿನವನ್ನು ಮಗುವಿನ ವಯಸ್ಸು ನೋಡಿ ನಿಶ್ಚಯಿಸುವುದಿಲ್ಲ, ನೆಟ್ಟಿಯಿಂದ ಹಿಂದಕ್ಕೆ ಎಣಿಸುತ್ತಾರೆ. "ಈಗ ಮಾಡ್ಸಿರೆ ನೆಟ್ಟಿಗೆ ಸಮಾ ಆಗ್ತಾಳೆ," ಎಂದಳಂತೆ ಗಂಗಮ್ಮನ ಅತ್ತೆ. ಗಂಡ ಸುಕ್ರ ಹೂಂ ಅಂದ. ಗಂಗಮ್ಮನಿಗೂ ಅದು ಸರಿಯೆಂದೇ ಕಂಡಿತ್ತು.

"ನಂಗೂ ಹಂಗೇ ಕಂಡಿತ್ತು ಬಾಯಿ. ಯಾರನ್ನ ಬೈಲಿ?"

ನೆಟ್ಟಿಗೆ ಅವಳು ಸರಿಯಾದಳು. ನೆಟ್ಟಿಯ ನಡುವೆ ಸೋಮುವಿಗೆ ಜ್ವರ ಬಂತು. ಹಲ್ಲು ಬರುವ ಜ್ವರ ಎಂದುಕೊಂಡು ಗದ್ದೆಗೆ ಹೋದರು. ಸಂಜೆ ಬರುವಷ್ಟರಲ್ಲಿ ಮಗು ಕಣ್ಣು ಮೇಲೆ ಮಾಡಿತ್ತು. ಅಂಕೋಲೆಗೆ ಒಯ್ದರು, ಅಲ್ಲಿಂದ ಕಾರವಾರಕ್ಕೆ ಬರೆದುಕೊಟ್ಟರು. ಅರ್ಧ ದಾರಿಗೇ ಮಗು ತಣ್ಣಗಾಯಿತು. ಮಾರನೇ ದಿನ ಉಳಿದ ಗದ್ದೆಗೆ ಆಳು ಸಿಗಲಿಲ್ಲವೆಂದು ಗಂಗಮ್ಮನೇ ಹೋಗಿ ನೆಟ್ಟಳು. ಇದನ್ನು ಹೇಳುವಾಗಲೂ ಅವಳು ನನ್ನ ಮಗಳ ತಲೆ ಒರೆಸುತ್ತಿದ್ದಳು.

ಅಂದಿನಿಂದ ನಾನು ಮಗಳನ್ನು ನೋಡುವ ಬಗೆ ಬದಲಾಯಿತು. ಒಂದೇ ಸಾಕೆಂದು ಗಂಡನೊಂದಿಗೆ ಮಾತಾಡಿಕೊಂಡಿದ್ದವಳು ನಾನು. ಆ ಮಾತನ್ನು ಮತ್ತೆ ಎತ್ತಲು ಹೆದರಿಕೆಯಾಯಿತು.

ಗಂಗಮ್ಮನಿಗೆ ಆಗ ಬೇಕಾದದ್ದು ಒಂದೇ. ಕತ್ತರಿಸಿದ್ದನ್ನು ಮತ್ತೆ ಜೋಡಿಸಬಹುದಂತೆ ಎಂದು ಪೇಟೆಯಲ್ಲಿ ಯಾರೋ ಹೇಳಿದ್ದರು. ಅವಳ ಅತ್ತೆ ಸುಕ್ರನಿಗೆ ಇನ್ನೊಂದು ಹೆಣ್ಣು ನೋಡಲು ಶುರು ಮಾಡಿದ್ದಳು. "ಡಾಕ್ಟರು ಆಗೂದಿಲ್ಲ ಅನ್ಲಿ, ಅಲ್ಲಿವರಿಗೂ ಸುಮ್ನಿರು," ಎಂದು ಸುಕ್ರ ತಾಯಿಯ ಬಾಯಿ ಮುಚ್ಚಿಸಿದ್ದ. ಡಾಕ್ಟರ ಮುಂದೆ ಮಾತಾಡಲು ನಾನು ಬರಬೇಕು ಎಂದು ಗಂಗಮ್ಮ ಕೇಳಿದಳು.

"ಬಾಣಂತಿ ಎಲ್ಲೆಲ್ಲೋ ತಿರುಗೂದು ಬ್ಯಾಡ," ಎಂದರು ನಮ್ಮ ಅತ್ತೆ. ಆಮೇಲೆ ಅವರೇ ಮಗುವನ್ನು ಎತ್ತಿಕೊಂಡು, "ಹೋಗಿ ಬಾ. ಬೇಗ ಬಾ," ಎಂದರು.

ಆಸ್ಪತ್ರೆಯಲ್ಲಿ ಗಂಗಮ್ಮನ ಗರ್ಭಕೋಶಕ್ಕೆ ಬಣ್ಣದ ನೀರು ಬಿಟ್ಟು ಎಕ್ಸ್-ರೇ ತೆಗೆದರು. ಡಾಕ್ಟರು ಒಳ್ಳೆಯವರೇ. ಫಿಲ್ಮನ್ನು ಬೆಳಕಿಗೆ ಹಿಡಿದು ನಿಧಾನವಾಗಿ ಹೇಳಿದರು: ಎರಡೂ ಕಡೆ ನಾಳವನ್ನು ಬಹಳ ತೆಗೆದಿದ್ದಾರೆ, ಜೋಡಿಸಲು ತುದಿಯೇ ಉಳಿದಿಲ್ಲ. ಬೇರೆ ದಾರಿ ದೊಡ್ಡ ಊರಿನಲ್ಲಿದೆ, ಅದರ ಖರ್ಚು ನಿಮ್ಮಿಂದ ಆಗುವುದಲ್ಲ. ನಾನು ಅದನ್ನೇ ಇನ್ನಷ್ಟು ಸರಳ ಮಾಡಿ ಹೇಳಹೊರಟೆ. "ತಿಳೀತು ಬಾಯಿ," ಎಂದು ಗಂಗಮ್ಮ ಎದ್ದಳು.

ಹೊರಗೆ ಮರದ ಕೆಳಗೆ ಸುಕ್ರ ನಿಂತಿದ್ದ. ಕೂಲಿ ಬಿಟ್ಟು, ಒಗೆದ ಅಂಗಿ ಹಾಕಿಕೊಂಡು ಬಂದಿದ್ದ. "ಎಂತ ಅಂದ್ರು?" ಎಂದು ನನ್ನನ್ನು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಗಂಗಮ್ಮ ಹೇಳಿದಳು:

"ಆಗ್ತದೆ ಅಂದ್ರು. ಈಗ ಬ್ಯಾಡ, ನೆಟ್ಟಿ ಮುಗದ್ಮೇಲೆ ಬರೂಕೆ ಹೇಳಿರು. ಈಗ ಕೊಯ್ಸಕಂಡ್ರೆ ನೆಟ್ಟಿಗೆ ಬಗ್ಗೂಕೆ ಆಗೂದಿಲ್ಲ ಅಲ್ಲ."

ಸುಕ್ರ ತಲೆಯಾಡಿಸಿದ. ಆ ಲೆಕ್ಕ ಅವನಿಗೆ ಗೊತ್ತಿದ್ದದ್ದೇ. ಮುಖದಲ್ಲಿ ಬೆಳಕು ಬಂತು. "ಹೌದನಾ? ಸೈ ಹಂಗಾರೆ," ಎಂದು ಅವಳ ಕೈಯಿಂದ ಚೀಲ ತೆಗೆದುಕೊಂಡ. ನಾನು ಚಪ್ಪಲಿ ನೋಡುತ್ತ ನಿಂತೆ.

ನೆಟ್ಟಿ ಮುಗಿಯಿತು, ಗಂಗಮ್ಮ ಕೊಯ್ಲು ಮುಗಿಯಲಿ ಎಂದಳು. ಕೊಯ್ಲು ಮುಗಿಯಿತು, ತರಕಾರಿ ಬೆಳೆ ಶುರುವಾಯಿತು, ನೀರು ಹೊರಬೇಕಲ್ಲ ಎಂದಳು. ನನ್ನ ಮಗಳು ನಡೆಯತೊಡಗಿದ ಮೇಲೆ ನೀರು ಹಾಕುವ ಕೆಲಸ ಉಳಿಯಲಿಲ್ಲ. ಪೇಟೆಯಲ್ಲಿ ಸಿಕ್ಕರೆ ಹರಿವೆಯ ಕಟ್ಟಿನ ಮೇಲೆ ಇನ್ನೊಂದು ಕಟ್ಟು ಇಟ್ಟು, "ಕೂಸಿಗೆ," ಎನ್ನುತ್ತಾಳೆ. ಆ ವಿಷಯ ನಾವಿಬ್ಬರೂ ಎತ್ತುವುದಿಲ್ಲ. ಒಮ್ಮೆ ಮಾತ್ರ, "ಅತ್ತಿ ಈಗ ಹೆಣ್ಣಿನ ಸುದ್ದಿ ಎತ್ತೂದಿಲ್ಲ," ಎಂದಳು.

ಈ ವರ್ಷದ ನೆಟ್ಟಿಯೂ ಮುಗಿದಿದೆ. ನಿನ್ನೆ ಮಗಳಿಗೆ ಗಂಜಿ ತಿನ್ನಿಸುತ್ತಿದ್ದಾಗ ಸುಕ್ರನ ಫೋನು ಬಂತು.

"ಬಾಯಿ, ನೆಟ್ಟಿ ಆಯ್ತು. ಡಾಕ್ಟರ ಹತ್ರ ಯಾವಾಗ ಹೋಗೂದು?"

ಹಿಂದಿನಿಂದ ಗಂಗಮ್ಮನ ದನಿ ಕೇಳಿಸಿತು. "ಅವ್ರಿಗೆ ಎಂತಕ್ಕೆ ತ್ರಾಸು ಕೊಡ್ತೆ? ಕೊಯ್ಲು ಮುಗೀಲಿ ಅಂದೆ ಅಲ್ಲ ನಾ."

"ಹ್ವಾದ ವರ್ಷನೂ ಕೊಯ್ಲು ಅಂದಿದ್ಲು," ಎಂದ ಸುಕ್ರ. "ಅವ್ವಿ ಮತ್ತೆ ಹೆಣ್ಣು ನೋಡೂಕೆ ಸುರು ಮಾಡಿದಾಳೆ. ನೀವು ಒಳಗೆ ಇದ್ರಲ್ಲ ಬಾಯಿ, ನಿಮ್ಮ ಬಾಯಿಂದ ಹೇಳಿ. ಡಾಕ್ಟರು ಆಗ್ತದೆ ಅಂತೇ ಹೇಳಿರಲ್ಲ?"

ಹಿಂದಿನ ದನಿ ನಿಂತುಹೋಗಿತ್ತು. ಮಗಳು ಚಮಚಕ್ಕೆ ಬಾಯಿ ತೆರೆದು ಕಾಯುತ್ತಿದ್ದಳು.

"ಹೌದು ಸುಕ್ರ," ಎಂದೆ. "ಕೊಯ್ಲು ಮುಗಿದ ಮೇಲೆ ಹೋಗೋಣ."

"ಸೈ. ಅವ್ವಿಗೆ ಹಂಗೇ ಹೇಳ್ತೆ," ಎಂದು ಅವನು ಫೋನಿಟ್ಟ.

ಈ ಸಲ ಮಳೆ ಬೇಗ ಹಿಡಿದಿದೆ. ಭತ್ತವೂ ಬೇಗ ಹಣ್ಣಾಗುತ್ತದಂತೆ.