ತೆಂಗಿನೆಣ್ಣೆ ಮೂಸಿದ ಆನೆ

ನಾನು ಚಿಕ್ಕವನಿದ್ದಾಗ ಲಂಡನ್ನಿನ ಅಂಚಿನ ಫೆಲ್ಥಮ್‌ಗೆ ಒಂದು ಆನೆ ಬಂದಿತ್ತು. ನೆಲವೆಲ್ಲ ಹಿಮ ಬಿದ್ದಿತ್ತು ಎಂದರೆ ಅಕ್ಕ ಈಗಲೂ ಫೋನಿನಲ್ಲೇ ನಗುತ್ತಾಳೆ: “ಹಿಮ ಎಲ್ಲಿತ್ತೋ? ಬರೀ ಕೆಸರು.” ಕೆಸರೇ ಇರಲಿ. ಆನೆಯಂತೂ ಇತ್ತು.

ಅಪ್ಪ ಇಲ್ಲಿನ ಮಾನಸಿಕ ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದರು. ನಾವು ಮೈಸೂರಿನಿಂದ ಬಂದು ಹೆಚ್ಚು ಕಾಲವಾಗಿರಲಿಲ್ಲ. ಅಕ್ಕನಿಗೆ ಈ ಊರಿನ ಯಾವುದೂ ಹಿಡಿಸಿರಲಿಲ್ಲ. ಸರ್ಕಸ್ ಬಂದಿದೆ, ಆಟ ಮುಗಿದ ಮೇಲೆ ಮಕ್ಕಳನ್ನು ಆನೆಯ ಮೇಲೆ ಕೂರಿಸುತ್ತಾರೆ ಎಂದು ತಿಳಿದಾಗ ಮಾತ್ರ ಅವಳ ಮುಖ ಅರಳಿತು. ಆ ಸವಾರಿಗಾಗಿ ವಾರವಿಡೀ ಕಾದಳು. ದಿಂಬುಗಳನ್ನು ಪೇರಿಸಿ ಆನೆ ಮಾಡಿ, ಹತ್ತಿ ಕೂತು ಅಭ್ಯಾಸ ಮಾಡಿದಳು.

ಆ ದಿನ ಆಟಕ್ಕೆ ಮೊದಲೇ ಅವಳು ಬಾಳೆಹಣ್ಣು ಹಿಡಿದು ನಮ್ಮನ್ನು ಡೇರೆಯ ಹಿಂಬದಿಗೆ ಎಳೆದುಕೊಂಡು ಹೋದಳು. ಒದ್ದೆ ಹುಲ್ಲು, ಡೀಸೆಲ್, ಲದ್ದಿ ಎಲ್ಲ ಕಲೆತ ವಾಸನೆ. ಲಾರಿಗಳ ನಡುವೆ ಅದು ನಿಂತಿತ್ತು. ನನಗೆ ಮೊದಲು ಕಂಡದ್ದು ಕಾಲು ಮಾತ್ರ. ತಲೆ ಎತ್ತುತ್ತಾ ಹೋದೆ, ಎತ್ತುತ್ತಾ ಹೋದೆ, ಆನೆ ಮುಗಿಯಲೇ ಇಲ್ಲ. ಕಾಲಿಗೆ ಸರಪಳಿ. ತಲೆ ಮಾತ್ರ ಆ ಕಡೆ, ಈ ಕಡೆ, ಮತ್ತೆ ಆ ಕಡೆ.

“ಅಪ್ಪಾ, ಕುಣೀತಿದೆ!” ಎಂದು ಚಪ್ಪಾಳೆ ತಟ್ಟಿದೆ. ಅಪ್ಪ ಸರಪಳಿಯನ್ನೇ ನೋಡುತ್ತಿದ್ದರು.

ಅಕ್ಕ ಶೂ ಬಿಚ್ಚಿದಳು. ಕೆಸರಿನಲ್ಲಿ ಬರಿಗಾಲಲ್ಲಿ ನಿಂತು ಹಣ್ಣನ್ನು ಆನೆಯ ಮುಂದಿಟ್ಟಳು, ಕೈಮುಗಿದು ತಲೆ ಬಗ್ಗಿಸಿದಳು. ಊರಿನಲ್ಲಿ ದೇವಸ್ಥಾನದ ಆನೆ ಸೊಂಡಿಲನ್ನು ತಲೆಯ ಮೇಲಿಟ್ಟು ಆಶೀರ್ವಾದ ಮಾಡುತ್ತಿತ್ತಲ್ಲ, ಆನೆ ಎಂದರೆ ಎಲ್ಲ ಕಡೆ ಹಾಗೇ ಎಂದು ಅವಳು ತಿಳಿದಿದ್ದಳು. ಆನೆಯನ್ನು ನೋಡಿಕೊಳ್ಳುವವನು ಬಕೆಟ್ ಕೆಳಗಿಟ್ಟು ತಾನೂ ನೆಲದಲ್ಲಿ ಹುಡುಕಿದ. “ಲಾಸ್ಟ್ ಸಮ್‌ಥಿಂಗ್, ಲವ್?”

ಆನೆ ಹಣ್ಣನ್ನು ನೋಡಲೇ ಇಲ್ಲ. ಅಕ್ಕನೂ ತಲೆ ಎತ್ತಲಿಲ್ಲ. “ಬಾರಮ್ಮಾ,” ಎಂದಳು ಮೆಲ್ಲಗೆ.

ಓಲಾಟ ನಿಂತಿತು. ಸೊಂಡಿಲು ನಿಧಾನವಾಗಿ ಚಾಚಿ ಬಂದು ಅಕ್ಕನ ಜಡೆಯನ್ನು ಮೂಸಿತು. ತೆಂಗಿನೆಣ್ಣೆಯ ವಾಸನೆ ಅದನ್ನು ಎಲ್ಲಿಗೆ ಕರೆದೊಯ್ದಿತೋ! ಉಸಿರು ಬಿಟ್ಟಾಗ ಅವಳ ಕೂದಲು ಹಾರಿತು. ಬಿಸಿ ಗಾಳಿ ನನ್ನ ಕೆನ್ನೆಗೂ ತಗುಲಿತು. ನನ್ನ ತಲೆಯ ಮೇಲೂ ಸೊಂಡಿಲಿಟ್ಟಿತು ಎಂದು ನನಗೆ ನೆನಪು. ಇಡಲೇ ಇಲ್ಲ ಎಂಬುದು ಅಕ್ಕನ ವಾದ. ಮೇಲೆ ವಿಮಾನವೊಂದು ಹಾದುಹೋಯಿತು. ಆಮೇಲೆ ಸೊಂಡಿಲು ಹಿಂದಕ್ಕೆ ಸರಿಯಿತು. ಆ ಕಡೆ, ಈ ಕಡೆ, ಮತ್ತೆ ಶುರು.

“ಅಪ್ಪಾ, ಇದು ಕುಣಿಯೋದಲ್ಲ,” ಎಂದಳು ಅಕ್ಕ.

“ಅಲ್ಲ ಪುಟ್ಟಿ. ನಮ್ ವಾರ್ಡಲ್ಲಿ ವರ್ಷಗಟ್ಲೆ ಒಂದೇ ಕಡೆ ಇದ್ದವ್ರೂ ಹೀಗೇ ತೂಗಾಡ್ತಾರೆ.”

ಆಟ ಮುಗಿಯಿತು. ಸವಾರಿಗೆ ಅಕ್ಕನ ಸರದಿ ಬಂತು. ಪುಟ್ಟ ಏಣಿ, ಕೆಂಪು ಜಮಖಾನ, ಎಲ್ಲ ಸಿದ್ಧ. ಅವಳು ಒಂದು ಮೆಟ್ಟಿಲು ಹತ್ತಿದಳು. ಆ ಒರಟು ಚರ್ಮದ ಮೇಲೆ ಅಂಗೈ ಇಟ್ಟು ನಿಂತಳು. ಆಮೇಲೆ ಇಳಿದುಬಿಟ್ಟಳು.

“ಹಾಗಾದ್ರೆ ನಾನು ಹತ್ತಲಾ?” ಎಂದೆ.

“ಹತ್ತಿ ನೋಡೋ ಕೋತಿ, ಬೆನ್ನಿಗೆ ಗುದ್ದು ಬೀಳತ್ತೆ!”

ಆದರೂ ಬಹಳ ಎತ್ತರದಿಂದ ಜನರ ಟೋಪಿಗಳನ್ನು ನೋಡಿದ ನೆನಪು ನನಗಿದೆ. ಅಪ್ಪನ ಹೆಗಲಿನಿಂದ ಇರಬೇಕು.

ಈಗ ಇಲ್ಲಿ ಊರೂರು ತಿರುಗುವ ಸರ್ಕಸ್ಸಿನಲ್ಲಿ ಕಾಡುಪ್ರಾಣಿಗಳನ್ನು ಆಡಿಸುವಂತಿಲ್ಲ, ಕಾನೂನೇ ಇದೆ. ವೆಂಬ್ಲಿಯ ಫ್ಲ್ಯಾಟಿನಲ್ಲಿ ನನ್ನ ಮೊಮ್ಮಕ್ಕಳು ಆನೆಗಳನ್ನು ಟ್ಯಾಬ್ಲೆಟ್ಟಿನಲ್ಲಿ ನೋಡುತ್ತಾರೆ. ಅವರ ಆನೆಗಳಿಗೆ ವಾಸನೆಯಿಲ್ಲ, ಬಿಸಿ ಉಸಿರಿಲ್ಲ. ಆದರೆ ಅವು ಹಿಂಡು ಕಟ್ಟಿಕೊಂಡು, ತಮಗೆ ಬೇಕಾದ ಕಡೆಗೆ, ನಡೆಯುತ್ತಲೇ ಇರುತ್ತವೆ. ಅಷ್ಟು ಹತ್ತಿರ ನಿಂತಿದ್ದ ನಾನು ಆನೆ ಹಾಗೆ ನಡೆಯುವುದನ್ನು ಕಂಡಿರಲಿಲ್ಲ.

ಕಥೆ ಕೇಳಿದ ಮೊಮ್ಮಗಳು ಟ್ಯಾಬ್ಲೆಟ್ ಬದಿಗಿಟ್ಟಳು. ಸಾಕ್ಸ್ ಬಿಚ್ಚಿದಳು. ನನ್ನ ಮುಂದೆ ಬಂದು ತಲೆ ಬಗ್ಗಿಸಿದಳು. ನಾನು ತೋಳು ಚಾಚಿ, ಅವಳ ಕೂದಲು ಮೂಸಿ, ಉಫ್ ಎಂದು ಉಸಿರು ಬಿಟ್ಟೆ. ಸ್ಟ್ರಾಬೆರಿ ಶಾಂಪೂ.

ಅವಳು ಅಲುಗಾಡದೆ ನಿಂತಿದ್ದಳು. “ಸ್ಲೋವರ್, ತಾತ,” ಎಂದಳು. “ಶಿ ವಾಸ್ ರಿಮೆಂಬರಿಂಗ್.”